ಎರಡನೆಯ ಮೈಕು

ಸೌಂಡ್ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಪಾಂಡವಪುರದ ನಮ್ಮ ಮನೆಗೆ ಬರುತ್ತಾರೆ. ಯಾವ ಮಿಕ್ಸರ್ ಕೊಳ್ಳಬೇಕು, ಯಾವ ಸ್ಪೀಕರ್ ಬಾಳಿಕೆ ಬರುತ್ತದೆ ಎಂದು ಕೇಳುತ್ತಾರೆ. ನನ್ನ ಕಿವಿ ಸೋತು ಮೂರು ವರ್ಷವಾಯಿತು. ಕುಕ್ಕರ್ ಕೂಗಿದ್ದನ್ನೂ ಹೆಂಡತಿ ಬಂದು ಹೇಳಬೇಕು. ಇಂಥವನ ಹತ್ತಿರ ಸ್ಪೀಕರ್ ಬಗ್ಗೆ ಕೇಳುವವರನ್ನು ಕಂಡರೆ ನಗು ಬರುತ್ತದೆ. ಆದರೂ ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಯಂತ್ರದ ವಿಷಯ ಇದರಲ್ಲಿ ಹೆಚ್ಚೇನೂ ಇಲ್ಲ. ನಾನು ಹೇಳಿದ ಒಂದು ಸುಳ್ಳಿನ ವಿಷಯ ಇದೆ. ಅಲ್ಲಿಗೆ ಬರಲು ಸ್ವಲ್ಪ ಸುತ್ತಬೇಕು.

ಕೆಲಸ ಕಲಿತದ್ದು ಕೃಷ್ಣರಾಜಪೇಟೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ ಮೈಕ್ ಸೆಟ್ ಅಂಗಡಿ ಇಟ್ಟಿದ್ದ ಸಾಬರ ಬಳಿ. ಆಗ ನಾಲ್ಕು ಜನ ಹಾಡಿದರೂ ಒಂದೇ ಮೈಕು. ದನಿ ದೊಡ್ಡದಿದ್ದವರು ತಾವೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಸಣ್ಣ ದನಿಯವರು ಮುಂದೆ ಬರುತ್ತಿದ್ದರು. ಈಗ ನಾವು ನಲವತ್ತು ಗುಂಡಿ ತಿರುಗಿಸಿ ಮಾಡುವುದನ್ನು ಅವರು ಕಾಲಲ್ಲೇ ಮಾಡಿಕೊಳ್ಳುತ್ತಿದ್ದರು. ಹಾಡು ಶುರುವಾದ ಮೇಲೆ ಸಾಬರು ಆಂಪ್ಲಿಫೈಯರ್ ಪೆಟ್ಟಿಗೆಯ ಹತ್ತಿರ ಇರುತ್ತಲೇ ಇರಲಿಲ್ಲ. ಹೋಗಿ ಹಾಡುವವರ ಮಗ್ಗುಲಲ್ಲಿ ಎರಡು ನಿಮಿಷ ಕೂತು ಎದ್ದು ಬರುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಬೇಟಾ, ಮುಂದೆ ಕೂತೋರಿಗೆ ಹೆಂಗೆ ಕೇಳ್ತದೆ ಅಂತ ಎಲ್ಲಾರೂ ನೋಡ್ತಾರೆ. ಹಾಡೋರಿಗೆ ಏನು ಕೇಳ್ತದೆ ಅಂತ ನೋಡ್ಬೇಕು," ಎಂದರು. ವಯಸ್ಸಾದವರು ಹೊತ್ತು ಕಳೆಯಲು ಏನೋ ಹೇಳುತ್ತಾರೆ ಎಂದುಕೊಂಡೆ.

ಸಾಬರು ಹೋದ ಮೇಲೆ ಸ್ವಂತ ಸೆಟ್ ಮಾಡಿಕೊಂಡೆ. ಮದುವೆ, ಆರ್ಕೆಸ್ಟ್ರಾ, ಚುನಾವಣೆ, ಎಲ್ಲವೂ ಆಯಿತು. ಆಮೇಲೆ ಸಿಕ್ಕವರು ಶಶಿಧರ ಸಾರ್. ದೇಶ ದೇಶದ ಜನಪದ ಹಾಡುಗಾರರನ್ನು ಕರೆಸಿ, ನಮ್ಮ ಸೋಬಾನೆ, ತಮಟೆ, ತಂಬೂರಿ ಪದದವರ ಜೊತೆ ಕೂರಿಸಿ ಕಛೇರಿ ಮಾಡಿಸುವುದು ಅವರ ಹುಚ್ಚು. ಒಳ್ಳೆಯ ಹುಚ್ಚೇ. ಮೊದಮೊದಲು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ಐರ್ಲೆಂಡಿನ ಪಿಟೀಲಿನವನು ಒಂದು ಕಡೆ, ನಮ್ಮ ತಂಬೂರಿಯವರು ಒಂದು ಕಡೆ, ಯಾರ ಶ್ರುತಿಗೆ ಯಾರು ಬರಬೇಕು ಎಂಬುದೇ ಅರ್ಧ ದಿನದ ಪಂಚಾಯಿತಿ. ಸಂಜೆ ಹೊತ್ತಿಗೆ ಹೇಗೋ ಒಂದು ಗಳಿಗೆ ಎಲ್ಲ ಕೂಡಿಬರುತ್ತಿತ್ತು. ಆ ಗಳಿಗೆಯಲ್ಲಿ ಮೈ ಜುಮ್ಮೆನ್ನುತ್ತಿತ್ತು. ಅದಕ್ಕಾಗಿಯೇ ಹದಿನೈದು ವರ್ಷ ಅವರ ಹಿಂದೆ ತಿರುಗಿದೆ.

ಎಡವಟ್ಟುಗಳನ್ನು ಮುಚ್ಚಿಡುವುದಿಲ್ಲ. ಮಂಗೋಲಿಯಾದಿಂದ ಒಬ್ಬ ಬಂದಿದ್ದ. ಗಂಟಲ ಒಳಗಿನಿಂದ ಒಂದೇ ಉಸಿರಿಗೆ ಎರಡು ಸ್ವರ ಹೊರಡಿಸುವವನು. ತಾಲೀಮಿಗೆ ನಾನು ಹೋಗಿರಲಿಲ್ಲ. ವೇದಿಕೆಯಲ್ಲಿ ಅವನು ಬಾಯಿ ತೆರೆದ ಕೂಡಲೇ ಗೊರ್ರ್ ಎಂದು ಬಂತು. ವೈರಿನ ತೊಂದರೆ ಎಂದು ಓಡಿಹೋಗಿ, ಅವನು ಹಾಡುತ್ತಿರುವಾಗಲೇ ಮೂರು ಸಲ ವೈರು ಬದಲಾಯಿಸಿದೆ. ಮೂರನೆಯ ಸಲ ಅವನು ಹಾಡು ನಿಲ್ಲಿಸಿ ನನ್ನನ್ನು ನೋಡಿದ. ಸದ್ದೂ ನಿಂತಿತು. ಆಗ ನನಗೆ ಅರ್ಥವಾಯಿತು.

ಇನ್ನೊಂದು ನಗುವಂಥದ್ದಲ್ಲ. ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದರೆ ತಾನೆ ಅದು ಮಾತಾಡುವುದು. ಕೃಷ್ಣರಾಜಪೇಟೆಯ ಒಂದು ಸಭಾಂಗಣದವರು ಬೆಂಕಿ ಹಚ್ಚಬಾರದು ಎಂದರು. ನಾನು ಬುದ್ಧಿವಂತನಲ್ಲವೇ, ಬಾರಿಸಲು ಬಂದಿದ್ದ ಸಿದ್ದಯ್ಯನ ತಮಟೆಯನ್ನು ತಂದು ವೇದಿಕೆಯ ದೊಡ್ಡ ದೀಪದ ಮುಂದೆ ಹಿಡಿದೆ. ಐದು ನಿಮಿಷಕ್ಕೆ ಚರ್ಮ ನಡುವೆ ಸೀಳಿಹೋಯಿತು. ಅದು ಅವನ ಅಪ್ಪ ಬಿಗಿದ ತಮಟೆ. ಸಿದ್ದಯ್ಯ ಬೈಯಲಿಲ್ಲ. ಸೀಳಿದ ಕಡೆ ಬೆರಳಾಡಿಸುತ್ತಾ, "ಬೆಂಕಿ ಕಾವೇ ಬ್ಯಾರೆ ಕಣಣ್ಣ, ಕೇಳ್ಬಾರ್ದಾಗಿತ್ತಾ?" ಎಂದ. ಕೇಳಬಹುದಿತ್ತು. ಅವನು ಪಕ್ಕದಲ್ಲೇ ಬೀಡಿ ಸೇದುತ್ತಾ ಕೂತಿದ್ದ.

ಕೇಳದೆ ಮಾಡುವ ಈ ಚಟ ನನ್ನನ್ನು ಬಿಡಲಿಲ್ಲ. ಅಷ್ಟರಲ್ಲಿ ಕೈಗೆ ಡಿಜಿಟಲ್ ಮಿಕ್ಸರ್ ಬಂತು. ಒಬ್ಬೊಬ್ಬರಿಗೂ ಒಂದೊಂದು ಮೈಕು, ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲಿ ಎಂದು ಕಾಲ ಬಳಿ ಒಂದೊಂದು ಸ್ಪೀಕರ್ ಪೆಟ್ಟಿಗೆ. ಪ್ರತಿ ಮೈಕಿನ ದನಿಯೂ ಬೇರೆ ಬೇರೆಯಾಗಿ ತಾನೇ ರೆಕಾರ್ಡ್ ಆಗುತ್ತಿತ್ತು. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಬೀಳಬಾರದು ಎಂಬುದು ನನಗೊಂದು ಮಡಿಯಾಯಿತು.

ಆ ದಿನಗಳಲ್ಲಿ ಬಂದವರು ದೇವೀರಮ್ಮ, ಕೆಂಪಮ್ಮ. ಬಿಂಡಿಗನವಿಲೆಯ ಆಚೆ ಒಂದು ಸಣ್ಣ ಊರಿನವರು. ಅಣ್ಣತಮ್ಮಂದಿರನ್ನು ಮದುವೆಯಾದ ವಾರಗಿತ್ತಿಯರು. ಆಸ್ತಿ ಪಾಲಾಗಿ ಮನೆ ಎರಡಾಗಿದ್ದರೂ ನಡುವೆ ಇದ್ದದ್ದು ಒಂದೇ ಗೋಡೆ. ಸೋಬಾನೆಗೆ ನಾಗಮಂಗಲದ ಸುತ್ತಮುತ್ತ ಅವರಿಲ್ಲದೆ ಚಪ್ಪರ ಏಳುತ್ತಿರಲಿಲ್ಲ. ದೇವೀರಮ್ಮನದು ಗಂಟೆಯಂಥ ಗಂಟಲು, ಮುಂದೆ ಹಾಡುವವರು ಅವರು. ಕೆಂಪಮ್ಮ ಹಿಂದೆ ಸೊಲ್ಲು ಹಿಡಿಯುವವರು. ಇಬ್ಬರೂ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದರು. ದೇವೀರಮ್ಮ ಕೆಂಪಮ್ಮನನ್ನು ತಂಗಿ ಎನ್ನುತ್ತಿದ್ದರು, ಅವರು ಇವರನ್ನು ಅಕ್ಕ ಎನ್ನುತ್ತಿದ್ದರು.

ಈ ಜೋಡಿಯಲ್ಲಿ ಒಂದು ಒಳಗುಟ್ಟಿತ್ತು. ಅದು ನನಗೆ ತಿಳಿದದ್ದು ತಡವಾಗಿ. ನೂರಾರು ಸೊಲ್ಲಿನ ಕಥೆಹಾಡು ದೇವೀರಮ್ಮನ ನೆನಪಿನಲ್ಲಿ ಪೂರ್ತಿ ಇರಲಿಲ್ಲ. ಇದ್ದದ್ದು ಕೆಂಪಮ್ಮನ ನೆನಪಿನಲ್ಲಿ. ಅಕ್ಕ ಉಸಿರು ತೆಗೆದುಕೊಳ್ಳುವಾಗ ತಂಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮುಂದಿನ ಸೊಲ್ಲಿನ ಮೊದಲ ಎರಡು ಮಾತನ್ನು ಪಿಸುಗುಟ್ಟುತ್ತಿದ್ದಳು. ಎಳೆ ಕೊಡುವುದು ಎಂದು ಅವರು ಅದನ್ನು ಕರೆಯುತ್ತಿದ್ದರು. ಮುಂದೆ ಹಾಡುವವಳ ಮಾನ ಕಾಯಲೆಂದು ಸೆರಗಿನ ಮರೆ. ನಲವತ್ತು ವರ್ಷ ಹೀಗೆ ಹಾಡಿದ್ದರು.

ಆ ಸಲ ಕಛೇರಿ ಇದ್ದದ್ದು ಶ್ರೀರಂಗಪಟ್ಟಣದಲ್ಲಿ, ಗಂಜಾಂ ಕಡೆ ಹೊಳೆ ದಂಡೆಯ ಬಯಲಲ್ಲಿ. ಪಶ್ಚಿಮ ಆಫ್ರಿಕಾದಿಂದ ಮಾಮದು ಎಂಬುವನು ಬಂದಿದ್ದ. ದೊಡ್ಡ ಸೋರೆ ಬುರುಡೆಗೆ ಇಪ್ಪತ್ತೊಂದು ತಂತಿ ಕಟ್ಟಿದ ವಾದ್ಯ ಅವನದು. ಅವನ ಮನೆತನದವರು ತಲೆತಲಾಂತರದಿಂದ ಕಥೆಹಾಡು ಹೇಳುವವರು. ತಾಲೀಮಿನಲ್ಲಿ ಆ ಹೆಂಗಸರು ಹಾಡಿದ್ದನ್ನು ಕೇಳಿ ಅವನು ಅವರ ಮುಂದೆ ಚಾಪೆಯ ಮೇಲೆ ಕೂತುಬಿಟ್ಟ. ಭಾಷೆ ಗೊತ್ತಿಲ್ಲ, ಆದರೂ ದೇವೀರಮ್ಮ ಎಲ್ಲಿ ಉಸಿರು ತೆಗೆಯುತ್ತಾರೆ ಎಂದು ಅವನ ಬೆರಳಿಗೆ ತಿಳಿಯುತ್ತಿತ್ತು. ದೇವೀರಮ್ಮ ನಕ್ಕು, "ಈ ಮಗ ನಮ್ಮೂರಲ್ಲಿ ಉಟ್ಬೇಕಾಗಿತ್ತು," ಎಂದರು.

ಕೂರಿಸುವ ಹೊತ್ತಿಗೆ ನಾನು ನನ್ನ ಮಡಿಯ ಮಾತು ತೆಗೆದೆ. ಇಬ್ಬರೂ ಅಂಟಿಕೊಂಡು ಕೂತರೆ ಮೈಕುಗಳು ಬೆರೆಯುತ್ತವೆ ಎಂದು ಕೆಂಪಮ್ಮನನ್ನು ವೇದಿಕೆಯ ಆ ಕೊನೆಗೆ, ಹನ್ನೆರಡು ಅಡಿ ದೂರ ಕೂರಿಸಿದೆ. ಕೆಂಪಮ್ಮ ಮೆಲ್ಲಗೆ, "ಅಕ್ಕನ ತಾವೇ ಕುಂತ್ಕತೀನಿ ಕಣಪ್ಪ," ಎಂದರು. ನಿಮ್ಮ ದನಿ ಅವರ ಪೆಟ್ಟಿಗೆಯಲ್ಲಿ ಬರುತ್ತದೆ ಸುಮ್ಮನಿರಿ ಎಂದೆ. ಮಾಮದು ಶಶಿಧರ ಸಾರ್ ಮೂಲಕ ಹೇಳಿಸಿದ. ಅವರ ದೇಶದಲ್ಲೂ ಹಾಡುವವನ ಮಗ್ಗುಲಿಗೆ ಒಬ್ಬ ಕೂತು, ಸೊಲ್ಲು ಸೊಲ್ಲಿಗೂ ಹೌದು ಹೌದು ಎನ್ನುತ್ತಾನಂತೆ, ಅವನನ್ನು ದೂರ ಕೂರಿಸುವುದಿಲ್ಲವಂತೆ. ಅವನ ದೇಶದ್ದು ಅವನಿಗಿರಲಿ ಎಂದೆ.

ಸಂಜೆ ಬಯಲು ತುಂಬಿತ್ತು. ಹಾಡು ಶುರುವಾಯಿತು. ನಾನು ಕಿವಿಗೆ ಹೆಡ್‌ಫೋನ್ ಹಾಕಿ ಕೇಳುತ್ತಿದ್ದೆ. ಕೆಂಪಮ್ಮನ ಮೈಕಿನಲ್ಲಿ ಸೊಲ್ಲಿನ ನಡುನಡುವೆ ಏನೋ ಗುಸುಗುಸು. ಹಳ್ಳಿ ಹೆಂಗಸು, ಮೈಕಿನ ಮುಂದೆ ಮಾತಾಡಿಕೊಳ್ಳುತ್ತಿದ್ದಾಳೆ ಎಂದು ರೇಗಿತು. ಆಕೆಯ ದನಿಯನ್ನು ಹೊರಗಿನ ಸ್ಪೀಕರಿನಿಂದಲೂ ದೇವೀರಮ್ಮನ ಕಾಲ ಬಳಿಯ ಪೆಟ್ಟಿಗೆಯಿಂದಲೂ ತೆಗೆದುಬಿಟ್ಟೆ. ಆಕೆ ಸೊಲ್ಲು ಹಿಡಿಯುವ ಕಡೆ ಮಾತ್ರ ಹೊರಗೆ ಬಿಡುತ್ತಿದ್ದೆ. ಕೆಲಸ ಶುದ್ಧವಾಯಿತು ಎಂದು ಹೆಮ್ಮೆಪಟ್ಟೆ.

ಹತ್ತು ನಿಮಿಷವಾಗಿರಬೇಕು. ಹೊಳೆಯಲ್ಲಿ ಅಕ್ಕಿ ತೊಳೆಯಲು ಹೋದ ಹೊಸ ಸೊಸೆಯ ಕಥೆ. ದೇವೀರಮ್ಮ ಉಸಿರೆಳೆದರು. ಮುಂದಿನ ಸೊಲ್ಲು ಬರಲಿಲ್ಲ. ಹಿಂದಿನದನ್ನೇ ಇನ್ನೊಮ್ಮೆ ಹಾಡಿದರು, ಮತ್ತೊಮ್ಮೆ ಹಾಡಿದರು. ಕೆಂಪಮ್ಮನ ಕಡೆ ತಿರುಗಿದರು. ಕಣ್ಣಿಗೆ ದೀಪ ಹೊಡೆಯುತ್ತಿತ್ತು. ಅಷ್ಟು ದೂರದಲ್ಲಿ ಅವರಿಗೆ ಕಂಡದ್ದು ಬಾಯಿಗೆ ಸೆರಗು ಅಡ್ಡ ಹಿಡಿದ ತಂಗಿ, ಭುಜ ಅಲುಗುತ್ತಿದೆ. ಅವರು ಹಾಡು ನಿಲ್ಲಿಸಿ ಮೈಕನ್ನು ಕೆಳಗಿಟ್ಟರು. ಮಾಮದು ತಂತಿ ಬಿಡದೆ ನುಡಿಸುತ್ತಾ ಹೋದ. ಜನ ಅದೂ ಹಾಡಿನದೇ ಭಾಗ ಎಂದು ಚಪ್ಪಾಳೆ ಹೊಡೆದರು.

ವೇದಿಕೆಯ ಹಿಂದೆ ದೇವೀರಮ್ಮ ಕೆಂಪಮ್ಮನಿಗೆ ಅಡ್ಡ ನಿಂತರು. "ನಾನು ತಡವರಿಸ್ತಿದ್ರೆ ಸೆರಗಿಟ್ಕಂಡು ನಗ್ತೀಯ?" ಎಂದರು. ನಗಲಿಲ್ಲ, ಎಳೆ ಕೊಡುತ್ತಿದ್ದೆ, ನಿನಗೆ ಕೇಳಿಸಲಿಲ್ಲವೇ ಎಂದು ಕೆಂಪಮ್ಮ ಕೈ ಹಿಡಿಯಲು ಹೋದರು. ಪೆಟ್ಟಿಗೆಯಲ್ಲಿ ಏನೂ ಬರಲಿಲ್ಲ ಎಂದು ದೇವೀರಮ್ಮ ಕೈ ಕೊಡವಿದರು. ಕೆಂಪಮ್ಮ ನನ್ನ ಕಡೆ ತಿರುಗಿ, "ಮೈಕಣ್ಣ, ನೀವೇ ಯೇಳಿ," ಎಂದರು. ಶಶಿಧರ ಸಾರ್ ಪಕ್ಕದಲ್ಲೇ ನಿಂತಿದ್ದರು. ಆ ತಂಡವನ್ನು ಹೊರದೇಶಕ್ಕೆ ಕರೆದೊಯ್ಯುವ ಮಾತು ನಡೆದಿತ್ತು, ನನ್ನನ್ನೂ ಸೇರಿಸಿ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಮೈಕೆಲ್ಲ ಸರಿಯಾಗೇ ಇತ್ತು," ಎಂದೆ.

ಕೆಂಪಮ್ಮ ಒಂದು ಗಳಿಗೆ ನನ್ನನ್ನು ನೋಡಿದರು. ವ್ಯಾನಿನಲ್ಲಿ ವಾಪಸು ಹೋಗುವಾಗ ಒಬ್ಬರು ಮುಂದೆ ಕೂತರು, ಒಬ್ಬರು ಹಿಂದೆ.

ಮಾರನೆಯ ಬೆಳಿಗ್ಗೆ ರೆಕಾರ್ಡ್ ಆದದ್ದನ್ನು ಕೇಳಿದೆ. ಹೊರಗೆ ಬಿಡದಿದ್ದರೂ ಮೈಕಿಗೆ ಬಿದ್ದದ್ದೆಲ್ಲ ರೆಕಾರ್ಡ್ ಆಗುತ್ತದೆ. ಕೆಂಪಮ್ಮನ ಮೈಕನ್ನು ಒಂದೇ ತೆಗೆದು ಹಾಕಿದೆ. "ತೊಳೆವಾಗ ಬಿದ್ದುಂಗುರ, ತೊಳೆವಾಗ ಬಿದ್ದುಂಗುರ," ಎಂದು ಆಕೆ ಅದೇ ಎಳೆಯನ್ನು ಐದಾರು ಸಲ ಕೊಟ್ಟಿದ್ದರು. ಮೊದಲು ಪಿಸುಗುಟ್ಟಿ, ಆಮೇಲೆ ದನಿ ಏರಿಸಿ, ಕೊನೆಕೊನೆಗೆ ಅಳು ಬೆರೆಸಿ. ನಾನು ಮಾತಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡದ್ದು ಅದನ್ನು. ಅವತ್ತೇ ಅವರ ಊರಿನ ಬಸ್ಸು ಹತ್ತಬೇಕಿತ್ತು. ನಾಳೆ ಹೋದರಾಯಿತು ಎಂದುಕೊಂಡೆ. ಶಶಿಧರ ಸಾರ್‌ಗೆ ಏನು ಹೇಳುವುದು, ಹೊರದೇಶದ ಮಾತು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಹೊರದೇಶದ ಮಾತು ಮುರಿದುಬಿತ್ತು. ಆಗಲೂ ಹೋಗಲಿಲ್ಲ.

ಶಶಿಧರ ಸಾರ್ ದೇವೀರಮ್ಮನನ್ನು ಒಬ್ಬರನ್ನೇ ಎರಡು ಕಛೇರಿಗೆ ಕರೆಸಿದರು. ಸಣ್ಣ ಸಣ್ಣ ಆರತಿ ಪದ ಹಾಡಿದರು. ಕಥೆಹಾಡು ಮುಟ್ಟಲಿಲ್ಲ. ಆಮೇಲೆ ಮಂಡಿ ನೋವು ಎಂದು ಬರುವುದನ್ನೇ ಬಿಟ್ಟರು. ಊರಿನ ಮದುವೆಗಳಲ್ಲೂ ಇಬ್ಬರೂ ಹಾಡುತ್ತಿಲ್ಲ, ಒಬ್ಬರ ಮನೆಯ ಹೊಸಿಲನ್ನು ಒಬ್ಬರು ತುಳಿಯುತ್ತಿಲ್ಲ ಎಂದು ಆ ಕಡೆಯ ಒಬ್ಬ ಡ್ರೈವರ್ ಹೇಳಿದ. ಚಪ್ಪರದಲ್ಲಿ ಈಗ ಪೆನ್‌ಡ್ರೈವ್ ಹಾಕುತ್ತಾರಂತೆ.

ಒಂದು ಸಲ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಕೆಂಪಮ್ಮ ಎದುರಾದರು. ನಾನು ಪತ್ರಿಕೆ ಮುಖಕ್ಕೆ ಹಿಡಿದೆ. ಅವರೇ ಹತ್ತಿರ ಬಂದು ಚೆನ್ನಾಗಿದ್ದೀರಾ, ಮನೆಯವರು ಚೆನ್ನಾಗವ್ರಾ ಎಂದು ವಿಚಾರಿಸಿದರು. ಮೈ ಇಳಿದುಹೋಗಿತ್ತು. ಬಿಂಡಿಗನವಿಲೆ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ ನಿಂತರು.

"ಮೈಕಣ್ಣ, ತೆಪ್ಪು ತಿಳ್ಕಬ್ಯಾಡಿ. ಅವತ್ತು ನನ್ ದನಿ ಅಕ್ಕನ ಪೆಟ್ಟಿಗೇಲಿ ನಿಜ್ವಾಗ್ಲೂ ಬಂದಿತ್ತಾ?"

ದೇವರು ಇನ್ನೊಂದು ಅವಕಾಶ ಕೊಡುವುದು ಎಂದರೆ ಅದೇ ಇರಬೇಕು. ಕಂಡಕ್ಟರ್ ಸೀಟಿ ಊದುತ್ತಿದ್ದ. "ಬಂದಿತ್ತು ಕಣಮ್ಮ," ಎಂದೆ.

"ಅಂಗಾದ್ರೆ ನಾನೇ ಮೆತ್ತಗೆ ಯೇಳ್ದೆ ಅಂತ ಕಾಣ್ತದೆ," ಎಂದು ಹತ್ತಿಹೋದರು.

ಮೊದಲ ಸುಳ್ಳು ಭಯಕ್ಕೆ ಹೇಳಿದ್ದು. ಎರಡನೆಯದನ್ನು ಯಾಕೆ ಹೇಳಿದೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಮೊದಲನೆಯದನ್ನು ಸಾಕಲು ಹೇಳಿದ್ದಿರಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಎರಡು ಸಲ ಒಡೆದೆ.

ಕೆಂಪಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಕೆಲಸ ಬಿಟ್ಟಾಗಿತ್ತು. ಕಿವಿ ಡಾಕ್ಟರು ಸಣ್ಣ ದನಿಗಳು ಇನ್ನು ನಿಮಗೆ ಕೇಳುವುದಿಲ್ಲ ಎಂದಿದ್ದರು. ಸುದ್ದಿ ಕೇಳಿ ಹೆಂಡತಿಯ ಮುಂದೆ ಎಲ್ಲ ಬಾಯಿಬಿಟ್ಟು ಅತ್ತೆ. ಆಕೆ ಸಮಾಧಾನ ಮಾಡಲಿಲ್ಲ. ನನ್ನ ಮುಂದೆ ಅತ್ತು ಏನು ಫಲ, ಹೋಗಿ ಹೇಳಬೇಕಾದ ಕಡೆ ಹೇಳಿ ಎಂದಳು. ಆದರೂ ತಿಂಗಳು ತಳ್ಳಿದೆ. ಕೊನೆಗೆ ಆ ರೆಕಾರ್ಡನ್ನು ಫೋನಿಗೆ ಹಾಕಿಕೊಂಡು ಹೊರಟೆ.

ದೇವೀರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಗುರುತು ಹಿಡಿದು, ಕೂತ್ಕೊ ಎಂದರು. ನಾನು ನಿಂತೇ ಹೇಳಿದೆ. ದನಿ ತೆಗೆದದ್ದು, ಎಲ್ಲರ ಮುಂದೆ ಸುಳ್ಳಾಡಿದ್ದು, ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಆಡಿದ್ದು. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳು ಯಾವುದು ಸಿಪ್ಪೆ ಯಾವುದು ನೋಡದೆ ಎಲ್ಲವನ್ನೂ ಮೊರಕ್ಕೆ ಹಾಕುತ್ತಿದ್ದರು. ನಾನು ಫೋನ್ ತೆಗೆದು, ಕೆಂಪಮ್ಮನ ದನಿ ಇದರಲ್ಲಿದೆ, ನೀವೇ ಕೇಳಿ ಎಂದೆ.

"ಅವಳ ಬಾಯಿಂದ ಕೇಳಿ ನಂಬ್ನಿಲ್ಲ ನಾನು. ಈಗ ಡಬ್ಬದಿಂದ ಕೇಳಿ ನಂಬಿದ್ರೆ ಅವಳಿಗೇನು ಬಂತಪ್ಪ?"

ಮೊರ ನೋಡುತ್ತಲೇ ಮತ್ತೆ ಹೇಳಿದರು. "ಅವಳ ಮಣ್ಗೂ ಓಗ್ನಿಲ್ಲ ಕಣಪ್ಪ. ಇದೇ ಗೋಡೆ ಆಚೆ ಎಣ ಇತ್ತು. ಬಾಕ್ಲಾಕ್ಕಂಡು ಒಳಗೆ ಕುಂತಿದ್ದೆ."

ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅವತ್ತು ನಾಲ್ಕು ಜನರ ಮುಂದೆ ಸುಳ್ಳಾಡಿದೆಯಲ್ಲ, ಇವತ್ತು ಆ ಮನೆ ಮುಂದೆ ನಿಂತು ನಾಲ್ಕು ಜನರ ಮುಂದೆ ನಿಜ ಆಡು, ನಿನ್ನ ಬಾಯಲ್ಲಿ ಆಡು ಎಂದರು.

ಕೆಂಪಮ್ಮನ ಮಗ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದ. ಅವನ ಹೆಂಡತಿ ಬಂದಳು, ಎದುರು ಮನೆಯವರು ಬಂದರು, ಬೀದಿಯಲ್ಲಿ ಹೋಗುತ್ತಿದ್ದ ಮೂರು ನಾಲ್ಕು ಜನ ನಿಂತರು. ಜೀವನವಿಡೀ ಬೇರೆಯವರ ದನಿ ಎತ್ತಿ ಬದುಕಿದವನು, ನನ್ನ ದನಿ ಹೊರಡಲೇ ಇಲ್ಲ. ಎರಡನೆಯ ಸಲ ಮೊದಲಿನಿಂದ ಹೇಳಬೇಕಾಯಿತು. ಮಗ ಕೈ ಒರೆಸಿಕೊಂಡು ಪೂರ್ತಿ ಕೇಳಿದ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ಅವ್ವ ಕೊನೇಗಂಟ ನಾನೇ ಮೆತ್ತಗೆ ಯೇಳ್ದೆ, ನಾನೇ ಮೆತ್ತಗೆ ಯೇಳ್ದೆ ಅಂತಿದ್ಲು," ಎಂದ. ಅಷ್ಟೇ.

ಆಗ ಜನ ಹಿಂದೆ ಸರಿದರು. ದೇವೀರಮ್ಮ ಗೋಡೆ ಹಿಡಿದುಕೊಂಡು ತಮ್ಮ ಜಗಲಿಯಿಂದ ಇಳಿದು ಬರುತ್ತಿದ್ದರು. ಯಾರ ಮುಖವನ್ನೂ ನೋಡದೆ ಹೊಸಿಲು ದಾಟಿ ಒಳಗೆ ಹೋಗಿ, ಕೆಂಪಮ್ಮನ ಫೋಟೊದ ಕೆಳಗೆ ನೆಲದ ಮೇಲೆ ಕೂತರು. ಸೊಸೆ ಚಾಪೆ ತಂದರೂ ಬೇಡವೆಂದರು. "ಈಗ ಆಕು," ಎಂದರು.

ಫೋನನ್ನು ಅವರ ಮುಂದೆ ನೆಲದ ಮೇಲಿಟ್ಟೆ. ನನ್ನ ಕಿವಿಗೆ ಅದು ಸರಿಯಾಗಿ ಕೇಳಲಿಲ್ಲ, ಆದರೆ ಎಲ್ಲಿ ಏನಿದೆ ಎಂದು ನನಗೆ ಬಾಯಿಪಾಠ. ಎಳೆಯನ್ನು ಕೊಟ್ಟು ಕೊಟ್ಟು ಸೋತ ಮೇಲೆ ಕೆಂಪಮ್ಮ ಹಾಡಿನದಲ್ಲದ ಒಂದು ಮಾತು ಆಡಿದ್ದರು. "ಅಕ್ಕಾ, ಇತ್ತಗೆ ನೋಡಕ್ಕ, ನನ್ ಬಾಯಿ ನೋಡು." ಅಷ್ಟು ಹೇಳಿ ಸೆರಗನ್ನು ತೆಗೆದಿರಬೇಕು, ಬಟ್ಟೆ ಸರಿದ ಸದ್ದಿದೆ. ಅಷ್ಟರಲ್ಲಿ ದೇವೀರಮ್ಮ ಮುಖ ತಿರುಗಿಸಿ ಮೈಕನ್ನು ಕೆಳಗಿಟ್ಟಾಗಿತ್ತು.

ದೇವೀರಮ್ಮ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಕೆನ್ನೆಗೆ ಒತ್ತಿಕೊಂಡರು.

"ನೋಡ್ನಿಲ್ಲ ಕಣವ್ವ," ಎಂದರು. "ನಾನು ನೋಡ್ನಿಲ್ಲ."